ಗುರುವಾರದ ಸಂಜೆ, ಸೋಮವಾರದ ಸಂಜೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ 2004–05ನೇ ಸಾಲಿನ ವಿದ್ಯಾರ್ಥಿ. ಇಲ್ಲಿಂದ ಪಿಯುಸಿ, ಆಮೇಲೆ ಬಿಇ, ಆಮೇಲೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಮಿತಿಯವರು ಫೋನ್ ಮಾಡಿ, ‘ತಂತ್ರಜ್ಞಾನ ಮತ್ತು ಮಕ್ಕಳ ಭವಿಷ್ಯ ಅಂತ ಒಂದಿಪ್ಪತ್ತು ನಿಮಿಷ ಮಾತಾಡಪ್ಪ’ ಅಂದರು. ಒಪ್ಪಿಕೊಂಡೆ. ಬರೆಯಲು ಕೂತಾಗ ಬೇರೆಯೇ ಮಾತು ಬಂತು. ಇವತ್ತು ನಾನು ಮಾತಾಡುವುದು ಅಮೆರಿಕದ ಒಬ್ಬ ಹೆಣ್ಣುಮಗಳ ಬಗ್ಗೆ. ಆಕೆ ಸಂಗೀತಗಾರ್ತಿ. ಆಕೆಗೂ ನಮ್ಮೂರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನೇರವಾದ ಸಂಬಂಧ ಏನೂ ಇಲ್ಲ. ಆದರೆ ಆಕೆಯ ಕಥೆ ಓದಿದ ಮೇಲೆ ನನಗೆ ನಮ್ಮೂರಿನ ಒಂದು ಹಳೆಯ ಬಾಕಿ ನೆನಪಾಯಿತು. ಅದನ್ನು ಇವತ್ತು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕು ಎಂದು ಬಂದಿದ್ದೇನೆ.

2024ರ ಫೆಬ್ರವರಿಯಲ್ಲಿ ಬಿಯಾನ್ಸೆ ಎಂಬ ಬಹಳ ದೊಡ್ಡ ಗಾಯಕಿಯ ‘ಟೆಕ್ಸಸ್ ಹೋಲ್ಡ್ ಎಮ್’ ಎಂಬ ಹಾಡು ಬಂತು. ಮೊಬೈಲ್ ಇರುವ ಮಕ್ಕಳಿಗೆ ಗೊತ್ತಿರುತ್ತದೆ, ಅದಕ್ಕೆ ಕುಣಿದವರೆಷ್ಟೋ ಜನ. ಆ ಹಾಡು ಅಮೆರಿಕದ ಬಿಲ್‌ಬೋರ್ಡ್ ಸಂಸ್ಥೆಯ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ಪಟ್ಟಿಯಲ್ಲಿ ಅಷ್ಟು ಮೇಲೆ ಹೋದ ಮೊದಲ ಕಪ್ಪು ಮಹಿಳೆ ಬಿಯಾನ್ಸೆ. ಒಂದನೇ ಕ್ಲಾಸಿನಲ್ಲಿರುವ ನನ್ನ ಮಗಳು ಆ ಹಾಡು ಹಾಕಿಕೊಂಡು ಸೋಫಾದ ಮೇಲೆ ಕುಣಿಯುತ್ತಿದ್ದಳು. ಹಾಡು ಶುರುವಾಗುವುದೇ ಒಂದು ತಂತಿವಾದ್ಯದಿಂದ. ‘ಅಪ್ಪಾ, ಈ ಟಣ್ ಟಣ್ ಅನ್ನೋದು ಏನು?’ ಎಂದು ಕೇಳಿದಳು. ‘ಬ್ಯಾಂಜೊ ಇರಬೇಕು ಮಗಳೇ’ ಅಂದೆ. ‘ಬ್ಯಾಂಜೊ ಅಂದ್ರೆ?’ ‘ನಮ್ಮೂರಲ್ಲಿ ತಂಬೂರಿ ತಾತ ಅಂತ ಒಬ್ಬರಿದ್ದರು...’ ಎಂದು ಹೇಳಲು ಹೋಗಿ ಸುಮ್ಮನಾದೆ. ಮುಂದೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಆ ಬ್ಯಾಂಜೊ ನುಡಿಸಿದವರು ಯಾರೆಂದು ಅವತ್ತು ರಾತ್ರಿ ಹುಡುಕಿದೆ. ರಿಯಾನನ್ ಗಿಡನ್ಸ್. ಅದೇ ಹಾಡಿನಲ್ಲಿ ವಯೋಲಾ ನುಡಿಸಿದವರೂ ಆಕೆಯೇ. ವಯೋಲಾ ಅಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ದಪ್ಪ. ಆಕೆ ಪಿಟೀಲನ್ನೂ ನುಡಿಸುತ್ತಾರೆ, ಹಾಡುತ್ತಾರೆ, ಬರೆಯುತ್ತಾರೆ.

ಆಕೆ ಹುಟ್ಟಿದ್ದು 1977ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಗ್ರೀನ್ಸ್‌ಬರೊ ಎಂಬ ಊರಿನಲ್ಲಿ. ತಂದೆ ಬಿಳಿಯರು, ತಾಯಿ ಕಪ್ಪು ಜನಾಂಗದವರು. ಅಲ್ಲಿ ಅಂಥ ಮದುವೆಗಳನ್ನು ನಿಷೇಧಿಸಿದ್ದ ರಾಜ್ಯ ಕಾನೂನುಗಳನ್ನು ಅವರ ಸುಪ್ರೀಂ ಕೋರ್ಟು ರದ್ದು ಮಾಡಿದ್ದೇ 1967ರಲ್ಲಿ. ಈ ಹುಡುಗಿ ಹೈಸ್ಕೂಲು ಓದಿದ್ದು ಆ ರಾಜ್ಯ ಸರ್ಕಾರವೇ ನಡೆಸುವ, ವಿಜ್ಞಾನ ಮತ್ತು ಗಣಿತಕ್ಕೆಂದೇ ಇರುವ ಒಂದು ವಸತಿ ಶಾಲೆಯಲ್ಲಿ. ಹಾಗಾಗಿ ನಮ್ಮ ಹಾಗೆ ಸರ್ಕಾರಿ ಶಾಲೆಯ ಹುಡುಗಿ ಎಂದು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಲ್ಲಿಂದ ಓಬರ್ಲಿನ್ ಎಂಬ ಹೆಸರಾಂತ ಸಂಗೀತ ವಿದ್ಯಾಲಯಕ್ಕೆ ಹೋಗಿ ಆಪೆರಾ ಗಾಯನ ಕಲಿತರು. ಆಪೆರಾ ಅಂದರೆ ಯುರೋಪಿನ ಶಾಸ್ತ್ರೀಯ ಸಂಗೀತದ ನಾಟಕ. ನಮ್ಮ ಕಡೆ ಕಂಪನಿ ನಾಟಕದಲ್ಲಿ ಮಾತಿನ ನಡುವೆ ಹಾಡು ಬರುತ್ತದಲ್ಲ, ಅಲ್ಲಿ ಮಾತೆಲ್ಲವೂ ಹಾಡೇ. ಮೈಕು ಇಲ್ಲದೆ ದೊಡ್ಡ ವಾದ್ಯವೃಂದದ ಮೇಲೆ ದನಿ ಕೇಳಿಸಬೇಕು. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. 2000ದಲ್ಲಿ ಆ ಓದು ಮುಗಿಯಿತು.

ಇಲ್ಲಿಗೆ ನಿಲ್ಲಿಸಿದರೂ ನಮ್ಮಲ್ಲಿ ಆಕೆಗೆ ಸನ್ಮಾನ ಮಾಡಿಬಿಡುತ್ತೇವೆ. ಹಳ್ಳಿಗಾಡಿನ ಹುಡುಗಿ ದೊಡ್ಡ ವಿದ್ಯೆ ಕಲಿತಳು ಎಂದು. ನನ್ನನ್ನು ಇಲ್ಲಿಗೆ ಕರೆದದ್ದೂ ಅಂಥದ್ದೇ ಲೆಕ್ಕದ ಮೇಲೆ. ಆದರೆ ಆಕೆ ಊರಿಗೆ ವಾಪಸು ಬಂದು, ಅಲ್ಲಿನ ಜನಪದ ಕುಣಿತದ ಕೂಟಗಳಿಗೆ ಹೋಗಲು ಶುರುಮಾಡಿದರು. ಅಲ್ಲಿ ಪಿಟೀಲು, ಬ್ಯಾಂಜೊ ಕೇಳಿದರು. ಮನಸ್ಸು ಅದರ ಮೇಲೆ ಹೋಯಿತು. ಕಲಿಯತೊಡಗಿದರು.

ಬ್ಯಾಂಜೊ ಬಗ್ಗೆ ಸ್ವಲ್ಪ ಹೇಳಬೇಕು. ಸಿನಿಮಾಗಳಲ್ಲಿ ನೋಡಿದರೆ ಬ್ಯಾಂಜೊ ಅಂದರೆ ಬೆಟ್ಟಗಾಡಿನ ಬಿಳಿಯ ರೈತರ ವಾದ್ಯ. ಬಹಳ ಕಾಲ ಅಮೆರಿಕದವರೇ ಹಾಗೆ ತಿಳಿದಿದ್ದರು. ನಿಜ ಬೇರೆ. ಪಶ್ಚಿಮ ಆಫ್ರಿಕಾದ ಸೆನೆಗಲ್, ಗ್ಯಾಂಬಿಯಾ ಕಡೆ ಅಕೊಂಟಿಂಗ್ ಎಂಬ ವಾದ್ಯ ಇವತ್ತಿಗೂ ಇದೆ. ಒಣಗಿದ ಸೋರೆ ಬುರುಡೆಗೆ ಚರ್ಮ ಬಿಗಿದು, ಉದ್ದನೆಯ ಕೋಲು ತೂರಿಸಿ, ಮೂರು ತಂತಿ ಕಟ್ಟುತ್ತಾರೆ. ಅದರಲ್ಲಿ ಒಂದು ತಂತಿ ಗಿಡ್ಡ, ಹೆಬ್ಬೆರಳಿನಿಂದ ಮೀಟುವುದು. ಗುಲಾಮರಾಗಿ ಹಡಗಿನಲ್ಲಿ ತುಂಬಿ ತರಲ್ಪಟ್ಟ ಜನ ಇಂಥ ವಾದ್ಯಗಳ ನೆನಪನ್ನು ತಲೆಯಲ್ಲಿ ಹೊತ್ತು ತಂದರು. ಕೈಯಲ್ಲಿ ಏನನ್ನೂ ತರಲು ಬಿಡಲಿಲ್ಲವಲ್ಲ! ಅಮೆರಿಕದ ನೆಲದಲ್ಲಿ ಸಿಕ್ಕ ಬುರುಡೆ, ಸಿಕ್ಕ ಚರ್ಮದಿಂದ ಮತ್ತೆ ಕಟ್ಟಿದರು. ಅದೇ ಬ್ಯಾಂಜೊ. 1840ರ ದಶಕದಿಂದ ಬಿಳಿಯ ಕಲಾವಿದರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನರನ್ನು ಆಡಿಕೊಳ್ಳುವ ನಾಟಕಗಳಲ್ಲಿ ಆ ವಾದ್ಯವನ್ನು ನುಡಿಸತೊಡಗಿದರು. ಕಾಲ ಕಳೆಯಿತು. ಕಪ್ಪು ಜನರ ಮಕ್ಕಳಿಗೇ ಆ ವಾದ್ಯ ಕಂಡರೆ ಅವಮಾನ ನೆನಪಾಗುವಂತಾಯಿತು, ಬಿಟ್ಟರು. ಮುಂದಿನ ತಲೆಮಾರಿಗೆ ಅದು ನಮ್ಮದಲ್ಲ ಎಂದೇ ಆಗಿಹೋಯಿತು. ರಿಯಾನನ್ ನುಡಿಸುವುದು 1858ರ ಒಂದು ಬ್ಯಾಂಜೊ ನೋಡಿ ಅದರ ಹಾಗೆಯೇ ಮಾಡಿಸಿದ ವಾದ್ಯ. ವೀಣೆಗೆ ಇರುವಂಥ ಮೆಟ್ಟುಗಳು ಅದಕ್ಕಿಲ್ಲ. ದನಿ ಕಣಕಣ ಅನ್ನುವುದಿಲ್ಲ, ಗುಂ ಎಂದು ಕೆಳಗಿನಿಂದ ಬರುತ್ತದೆ. ನಮ್ಮ ತಂಬೂರಿಯಂತೆ.

ಈಗ 2005ರ ಏಪ್ರಿಲ್‌ಗೆ ಬರುತ್ತೇನೆ. ನನ್ನ ಬ್ಯಾಚಿನವರಿಗೆ ಆ ತಿಂಗಳು ಮರೆಯುವುದಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕಾಲ. ಅದೇ ತಿಂಗಳು ನಾರ್ತ್ ಕ್ಯಾರೊಲೈನಾದ ಬೂನ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ, ಬ್ಯಾಂಜೊ ನುಡಿಸುವ ಕಪ್ಪು ಜನರದ್ದೊಂದು ಸಮಾವೇಶ ನಡೆಯಿತು. ಅಲ್ಲಿಗೆ ರಿಯಾನನ್ ಹೋದರು. ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್ ಎಂಬ ಇನ್ನಿಬ್ಬರು ಯುವಕರು ಬಂದಿದ್ದರು. ಜೋ ಥಾಂಪ್ಸನ್ ಎಂಬ ಮುದುಕರೂ ಬಂದಿದ್ದರು.

ಜೋ ಥಾಂಪ್ಸನ್‌ಗೆ ಆಗ 86 ವರ್ಷ. ಮೆಬನ್ ಎಂಬ ಸಣ್ಣ ಊರಿನವರು. ಜೀವನವೆಲ್ಲ ಕುರ್ಚಿ ಮೇಜು ಮಾಡುವ ಪೀಠೋಪಕರಣ ಕಾರ್ಖಾನೆಯಲ್ಲಿ ದುಡಿದವರು. ಅವರ ಅಜ್ಜ ಗುಲಾಮಗಿರಿಯಲ್ಲಿ ಹುಟ್ಟಿದವರು, ಪಿಟೀಲು ನುಡಿಸುತ್ತಿದ್ದರು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಜೋಗೆ ಬಂದ ವಿದ್ಯೆ. ಹುಡುಗನಾಗಿದ್ದಾಗ ಸಿಕ್ಕ ಪಿಟೀಲಿಗೆ ತಂತಿಯಿಲ್ಲದೆ ಬಾಗಿಲಿನ ಜಾಲರಿಯ ತಂತಿ ಕಿತ್ತು ಕಟ್ಟಿಕೊಂಡರಂತೆ. ಜೊತೆಗೆ ಬ್ಯಾಂಜೊ ನುಡಿಸುತ್ತಿದ್ದ ದಾಯಾದಿ ಓಡೆಲ್ 1994ರಲ್ಲಿ ತೀರಿಕೊಂಡಿದ್ದರು. ಆಮೇಲೆ ಜೋಗೆ ಪಾರ್ಶ್ವವಾಯು ಹೊಡೆದಿತ್ತು. ಚೇತರಿಸಿಕೊಂಡು ಮತ್ತೆ ಕಮಾನು ಹಿಡಿದಿದ್ದರು. ಆ ಸೀಮೆಯ ಕಪ್ಪು ಜನರ ಪಿಟೀಲು–ಬ್ಯಾಂಜೊ ಮೇಳದ ಪರಂಪರೆಯಲ್ಲಿ ಉಳಿದಿದ್ದ ಕಡೆಯ ಕೆಲವರಲ್ಲಿ ಅವರೊಬ್ಬರು.

ಆ ಮೂವರು ಯುವಕರು ಏನು ಮಾಡಿದರು? ಗುರುವಾರ ಗುರುವಾರ ಸಂಜೆ ಜೋ ಅವರ ಮನೆಗೆ ಹೋಗಿ ಕೂತರು. ಅಷ್ಟೇ. ಜೋ ಪಾಠ ಹೇಳುತ್ತಿರಲಿಲ್ಲ. ಇದು ಹೀಗೆ, ಅದು ಹಾಗೆ ಎಂದು ವಿವರಿಸುತ್ತಿರಲಿಲ್ಲ. ಒಂದು ಧಾಟಿ ಹಿಡಿದು ನುಡಿಸುವರು. ಮುಗಿದರೆ ಮತ್ತೆ ಅದೇ. ಮತ್ತೆ ಅದೇ. ಜೊತೆಗೆ ಕೂತವರು ನುಡಿಸುತ್ತಾ ನುಡಿಸುತ್ತಾ ಹಿಡಿದುಕೊಳ್ಳಬೇಕು. ಆಪೆರಾ ಕಲಿತ ಪದವೀಧರೆ, ಕಾರ್ಖಾನೆಯಲ್ಲಿ ದುಡಿದ ಮುದುಕನ ಎದುರು ಕೂತು ಅವರ ಬಲಗೈ ನೋಡುತ್ತಾ ಕಲಿತರು. ನಮ್ಮ ಗದ್ದೆಯಲ್ಲಿ ನಾಟಿ ಹಾಕುವುದನ್ನು ಯಾರಾದರೂ ಪಾಠ ಹೇಳಿ ಕಲಿಸಿದ್ದಾರೆಯೇ? ಪಕ್ಕದ ಸಾಲಿನಲ್ಲಿ ಬಗ್ಗಿ ನಿಂತು ಕಲಿತಿದ್ದೇವೆ. ಹಾಗೆ.

ಇಲ್ಲಿ ನಾನು ನನ್ನ ಬಾಕಿಯ ಮಾತು ಹೇಳಬೇಕು.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕನ್ನಡ ಮೇಷ್ಟ್ರು ದಸರಾ ರಜೆಗೆ ಒಂದು ಕೆಲಸ ಕೊಟ್ಟರು. ಊರಿನ ಹಾಡುಗಾರರ ಹತ್ತಿರ ಹೋಗಿ ಒಂದು ಹಾಡು ಕೇಳಿ ಬರೆದುಕೊಂಡು ಬರಬೇಕು. ಹಾಡಿದವರ ಹೆಸರು, ವಯಸ್ಸು, ಯಾರಿಂದ ಕಲಿತರು ಎಂಬುದನ್ನೂ ಬರೆಯಬೇಕು. ಹತ್ತು ಅಂಕ. ನನ್ನ ಪಾಲಿಗೆ ಬಂದವರು ತಂಬೂರಿ ತಾತ. ಹಿರಿಯರಿಗೆಲ್ಲ ಅವರು ಚೆನ್ನಾಗಿ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಅವರು ನೀಲಗಾರರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಹಾಡುವ ದೀಕ್ಷೆ ಪಡೆದವರು. ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರ. ಚಿಕ್ಕಲ್ಲೂರು ಜಾತ್ರೆ, ಕಪ್ಪಡಿ ಜಾತ್ರೆಗೆ ತಪ್ಪದೆ ಹೋಗುವರು. ಸುಗ್ಗಿ ಕಾಲದಲ್ಲಿ ಮನೆಮನೆಯ ಮುಂದೆ ನಿಂತು ಹಾಡುವರು. ನಮ್ಮ ಮನೆಯ ಮುಂದೆಯೂ ಹಾಡುತ್ತಿದ್ದರು. ಜಗಲಿಯ ಕೆಳಗೆ ನಿಂತು. ಮೇಲೆ ಬನ್ನಿ ಎಂದು ನಾವು ಕರೆದದ್ದು ನನಗೆ ನೆನಪಿಲ್ಲ. ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿಯುತ್ತಿದ್ದೆವು.

ನಾನು ಅವರ ಮನೆಗೆ ಒಂದು ಮಧ್ಯಾಹ್ನ ಹೋದೆ. ನೋಟ್ ಬುಕ್ಕು ತೋರಿಸಿ, ಒಂದು ಹಾಡು ಬರೆಸಿ ತಾತ ಅಂದೆ. ಅವರು ನಕ್ಕರು. ‘ಕೂತ್ಕೊ ಮಗ. ಹೇಳಿ ಬರ್ಸೋಕೆ ಬರಲ್ಲ ಕಣಪ್ಪ, ಹಾಡ್ತಾ ಹಾಡ್ತಾನೇ ಬರೋದು ಅದು. ಸೋಮಾರ ಸಂಜೆ ದೀಪ ಹಚ್ಚಿದ್ ಮೇಲೆ ಬಾ. ಸೊಲ್ಲು ಹಿಡಿಯೋರೂ ಇರ್ತಾರೆ. ಎಷ್ಟು ಬೇಕೋ ಅಷ್ಟು ಬರ್ಕೊ’ ಅಂದರು.

ಸೋಮವಾರ ನಾನು ಹೋಗಲಿಲ್ಲ. ಅವತ್ತು ಕ್ರಿಕೆಟ್ ಮ್ಯಾಚ್ ಇತ್ತು. ಅದೊಂದೇ ಕಾರಣವಲ್ಲ, ಸುಳ್ಳು ಹೇಳಬಾರದು. ಮನೆಯಲ್ಲಿ ಅಜ್ಜಿ ‘ಸಂಜೆ ಹೊತ್ತು ಆ ಕೇರಿಗೆ ನಿಂಗೇನ್ ಕೆಲ್ಸ’ ಅಂದರು. ನನಗೂ ಅದು ಅನುಕೂಲವೇ ಆಯಿತು. ನಮ್ಮ ಶಾಲೆಯ ಗ್ರಂಥಾಲಯದ ಬೀರುವಿನಲ್ಲಿ ಜನಪದ ಗೀತೆಗಳ ಒಂದು ಪುಸ್ತಕ ಇತ್ತು. ಅದರಿಂದ ಒಂದು ಹಾಡು ನಕಲು ಮಾಡಿದೆ. ಕೆಳಗೆ ತಂಬೂರಿ ತಾತನ ಹೆಸರು ಬರೆದೆ. ವಯಸ್ಸು 70 ಎಂದು ಅಂದಾಜಿನಲ್ಲಿ ಹಾಕಿದೆ. ಯಾರಿಂದ ಕಲಿತರು ಎಂಬಲ್ಲಿ ‘ತಂದೆಯಿಂದ’ ಎಂದು ನಾನೇ ಬರೆದುಕೊಂಡೆ. ಹತ್ತಕ್ಕೆ ಒಂಬತ್ತು ಅಂಕ ಬಂತು.

ಮೇಷ್ಟ್ರೇ, ತಾವು ಮುಂದೆಯೇ ಕುಳಿತಿದ್ದೀರಿ. ಇಪ್ಪತ್ತು ವರ್ಷ ದಾಟಿದ ಮೇಲೆ ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಆ ಒಂಬತ್ತು ಅಂಕವನ್ನು ತಾವು ವಾಪಸು ತೆಗೆದುಕೊಳ್ಳಬೇಕು.

ಹದಿನೈದು ದಿನ ಕಳೆದು ಡೈರಿ ಹತ್ತಿರ ತಾತ ಸಿಕ್ಕರು. ಬೈಯಲಿಲ್ಲ. ‘ಸೋಮಾರ ಕಾದೆ ಕಣ್ ಮಗ. ಬರ್ನೇ ಇಲ್ವಲ್ಲ’ ಅಂದರು. ಅಷ್ಟೇ ಅಂದು ಹೋದರು. ನಾನು ಬಿಇ ಮೂರನೇ ವರ್ಷದಲ್ಲಿದ್ದಾಗ ಅಪ್ಪ ಫೋನಿನಲ್ಲಿ ಬೇರೆ ಏನೋ ಹೇಳುತ್ತಾ, ತಂಬೂರಿ ತಾತ ಹೋದರಂತೆ ಎಂದೂ ಹೇಳಿದರು. ಅವರ ದನಿಯ ಒಂದು ತುಣುಕೂ ಯಾರ ಬಳಿಯೂ ಉಳಿಯಲಿಲ್ಲ. ಇಡೀ ರಾತ್ರಿ ಹಾಡುತ್ತಿದ್ದವರು.

ನಮ್ಮ ಕೆಲಸದಲ್ಲಿ ಒಂದು ಅನುಭವ ಆಗುತ್ತಿರುತ್ತದೆ. ಯಾರೋ ಹದಿನೈದು ವರ್ಷದ ಹಿಂದೆ ಬರೆದ ಪ್ರೋಗ್ರಾಂ ಇನ್ನೂ ಓಡುತ್ತಿರುತ್ತದೆ. ಬರೆದವರು ಕೆಲಸ ಬಿಟ್ಟಿರುತ್ತಾರೆ. ಯಾಕೆ ಹೀಗೆ ಬರೆದರು ಎಂದು ಒಂದು ಸಾಲು ಟಿಪ್ಪಣಿಯೂ ಇರುವುದಿಲ್ಲ. ಅದು ಕೆಟ್ಟ ದಿನ ನಾವೆಲ್ಲ ತಲೆ ಹಿಡಿದುಕೊಂಡು ಕೂರುತ್ತೇವೆ. ಅವರಿದ್ದಾಗ ಒಂದು ಸಂಜೆ ಕೂತು ಕೇಳಿದ್ದರೆ ಸಾಕಿತ್ತು ಎಂದು ಪ್ರತಿ ಸಾರಿಯೂ ಅಂದುಕೊಳ್ಳುತ್ತೇವೆ. ತಂಬೂರಿ ತಾತನ ವಿಷಯದಲ್ಲಿ ನಾನು ಮಾಡಿದ್ದೂ ಅದನ್ನೇ.

ಸರಿ, ಗುರುವಾರಗಳಿಂದ ಅವರಿಗೆ ಏನು ಸಿಕ್ಕಿತು ನೋಡೋಣ. ಮೂವರೂ ಸೇರಿ ‘ಕ್ಯಾರೊಲೈನಾ ಚಾಕೊಲೇಟ್ ಡ್ರಾಪ್ಸ್’ ಎಂಬ ಮೇಳ ಕಟ್ಟಿದರು. ಜೋ ಕಲಿಸಿದ ಧಾಟಿಗಳನ್ನು ನುಡಿಸಿದರು. 2010ರಲ್ಲಿ ಬಂದ ಅವರ ಆಲ್ಬಂಗೆ ಮರುವರ್ಷ ಸಾಂಪ್ರದಾಯಿಕ ಜನಪದ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂತು. ಜೋ ಥಾಂಪ್ಸನ್ ಅದನ್ನು ನೋಡಿಯೇ ಹೋದರು. 2012ರ ಫೆಬ್ರವರಿಯಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ಆಲ್ಬಂನಲ್ಲಿ ಒಂದು ತಮಾಷೆ ಇದೆ. ಹಳೆಯ ಧಾಟಿಗಳ ನಡುವೆ, 2001ರಲ್ಲಿ ರೇಡಿಯೋದಲ್ಲಿ ಜನಪ್ರಿಯವಾಗಿದ್ದ ‘ಹಿಟ್ ಎಮ್ ಅಪ್ ಸ್ಟೈಲ್’ ಎಂಬ ಹಾಡೂ ಇದೆ. ಗಂಡ ಮೋಸ ಮಾಡಿದರೆ ಹೆಂಡತಿ ಅವನ ದುಡ್ಡು ಖರ್ಚು ಮಾಡಿ ಸೇಡು ತೀರಿಸಿಕೊಳ್ಳುವ ಹಾಡು. ಅದನ್ನು ರಿಯಾನನ್ ಪಿಟೀಲು ಹಿಡಿದು ಹಾಡುತ್ತಾರೆ, ಪಕ್ಕದಲ್ಲಿ ಬ್ಯಾಂಜೊ, ಮತ್ತು ಡೋಲಿನ ಬದಲು ಬಾಯಲ್ಲೇ ತಾಳ. ಹಿಪ್ ಹಾಪ್ ಹುಡುಗರು ಬೀದಿಯಲ್ಲಿ ಬಾಯಿಂದ ಡಂ ಚಕ್ ಎಂದು ಬಾರಿಸುತ್ತಾರಲ್ಲ, ಅದು. ಇಪ್ಪತ್ತೊಂದನೇ ಶತಮಾನದ ಹಾಡು ಹಳೆಯ ಪಿಟೀಲಿನ ಮೇಲೆ ಸಲೀಸಾಗಿ ಕೂರುತ್ತದೆ. ಯಾಕೆಂದರೆ ಎರಡೂ ಒಂದೇ ಬೇರಿನವು. ಎರಡಕ್ಕೂ ಮುಖ್ಯ ಕಾಲು ಕುಣಿಸುವ ಲಯ.

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗರು ಕನ್ನಡ ರ‍್ಯಾಪ್ ಹಾಡಿದ್ದಕ್ಕೆ ಕೆಲವು ಹಿರಿಯರು ಬೇಸರ ಮಾಡಿಕೊಂಡರು ಎಂದು ಕೇಳಿದೆ. ಅವರಿಗೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ನೀಲಗಾರರು ಹಾಡು ನಿಲ್ಲಿಸಿ ಕಥೆ ಹೇಳುವಾಗ ಕೇಳಿದ್ದೀರಲ್ಲ? ತಂಬೂರಿ ಮೀಟುತ್ತಲೇ ಇರುತ್ತದೆ, ಮಾತು ಒಂದೇ ಉಸಿರಿನಲ್ಲಿ ಉರುಳುತ್ತದೆ, ಕೊನೆಗೆ ಸೊಲ್ಲಿಗೆ ಬಂದು ಸೇರುತ್ತದೆ. ರ‍್ಯಾಪ್ ಕೂಡ ತಾಳದ ಮೇಲೆ ಓಡುವ ಮಾತೇ. ಹುಡುಗರನ್ನು ಬೈಯುವುದಕ್ಕಿಂತ, ಇದರ ಮುತ್ತಜ್ಜ ನಮ್ಮೂರಲ್ಲೇ ಇದ್ದ ಎಂದು ತೋರಿಸುವುದು ಒಳ್ಳೆಯದು.

ರಿಯಾನನ್ 2017ರಲ್ಲಿ ‘ಫ್ರೀಡಂ ಹೈವೇ’ ಎಂಬ ಆಲ್ಬಂ ಮಾಡಿದರು. ಅದರ ಮೊದಲ ಹಾಡು ಒಂದು ಹಳೆಯ ಜಾಹೀರಾತಿನಿಂದ ಹುಟ್ಟಿದ್ದು. 22 ವರ್ಷದ ಒಬ್ಬ ಹೆಣ್ಣು ಗುಲಾಮಳು ಮಾರಾಟಕ್ಕಿದ್ದಾಳೆ. ಅವಳಿಗೊಂದು ಒಂಬತ್ತು ತಿಂಗಳ ಮಗುವಿದೆ. ಮಗುವನ್ನು ಜೊತೆಗೆ ಒಯ್ಯುವುದು ಬಿಡುವುದು ಕೊಳ್ಳುವವರ ಇಷ್ಟ. ನಮ್ಮ ಸಂತೆಯಲ್ಲಿ ಹಸು ಮಾರುವಾಗ ಕರುವಿನ ಮಾತು ಆಡುವ ಹಾಗೆ. ಅದೇ ಆಲ್ಬಂನಲ್ಲಿ ಇನ್ನೊಂದು ಹಾಡು ಇವತ್ತಿನ ಕಾಲದ್ದು, ಪೊಲೀಸರ ಗುಂಡಿಗೆ ಸಿಕ್ಕಿ ಸತ್ತ ಒಬ್ಬ ಕಪ್ಪು ಹುಡುಗನದ್ದು. ಅದರ ನಡುವೆ ಆಕೆ ತನ್ನ ಸೋದರಿಯ ಮಗ ಜಸ್ಟಿನ್ ಹ್ಯಾರಿಂಗ್ಟನ್ ಕೈಲಿ ರ‍್ಯಾಪ್ ಹೇಳಿಸಿದ್ದಾರೆ. ಹಳೆಯ ನೋವು ಬ್ಯಾಂಜೊದಲ್ಲಿ, ಹೊಸ ನೋವು ರ‍್ಯಾಪ್‌ನಲ್ಲಿ. ಎರಡೂ ಒಂದೇ ಮನೆಯೊಳಗೆ.

ಹಾಗಾದರೆ ಆಪೆರಾ ಕಲಿತದ್ದು ದಂಡವಾಯಿತೇ? ಇಲ್ಲ. ಒಮರ್ ಇಬ್ನ್ ಸಯೀದ್ ಎಂಬುವರು ಈಗಿನ ಸೆನೆಗಲ್ ಕಡೆಯ ವಿದ್ವಾಂಸರು. ಅವರನ್ನು ಸೆರೆಹಿಡಿದು 1807ರಲ್ಲಿ ಚಾರ್ಲ್ಸ್‌ಟನ್ ಬಂದರಿಗೆ ತಂದು ಮಾರಿದರು. ಓಡಿಹೋಗಿ ಸಿಕ್ಕಿಬಿದ್ದು ಜೈಲು ಸೇರಿದಾಗ ಗೋಡೆಯ ಮೇಲೆ ಅರಬ್ಬೀ ಅಕ್ಷರ ಬರೆದರಂತೆ. ಆಗ ಜನಕ್ಕೆ ಗೊತ್ತಾಯಿತು, ಈ ಗುಲಾಮ ಓದು ಬರಹ ಬಲ್ಲವನು ಎಂದು. 1831ರಲ್ಲಿ ಅವರು ತಮ್ಮ ಜೀವನವನ್ನು ಅರಬ್ಬಿಯಲ್ಲಿ ಬರೆದರು. ಗುಲಾಮರಾಗಿಯೇ ಸತ್ತರು. ಈ ಕಥೆಯನ್ನು ರಿಯಾನನ್ ‘ಒಮರ್’ ಎಂಬ ಆಪೆರಾ ಮಾಡಿದರು. ಮಾತು ಆಕೆಯದು, ಸಂಗೀತ ಆಕೆ ಮತ್ತು ಮೈಕೆಲ್ ಏಬಲ್ಸ್ ಇಬ್ಬರದು. 2022ರಲ್ಲಿ ಮೊದಲ ಪ್ರದರ್ಶನ ನಡೆದದ್ದು ಅದೇ ಚಾರ್ಲ್ಸ್‌ಟನ್‌ನಲ್ಲಿ. 2023ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಕಾಲೇಜಿನಲ್ಲಿ ಕಲಿತದ್ದು, ಮುದುಕನ ಮನೆಯಲ್ಲಿ ಕಲಿತದ್ದು, ಎರಡನ್ನೂ ಆಕೆ ಬಿಡಲಿಲ್ಲ. ಯಾವುದೂ ಮೇಲಲ್ಲ, ಯಾವುದೂ ಕೀಳಲ್ಲ. ನಮ್ಮ ತಿರುಮಕೂಡಲಿನ ಪಿಟೀಲು ಚೌಡಯ್ಯನವರು ಪಶ್ಚಿಮದಿಂದ ಬಂದ ಅದೇ ವಾದ್ಯಕ್ಕೆ ಏಳು ತಂತಿ ಹಾಕಿ ಕರ್ನಾಟಕ ಸಂಗೀತ ನುಡಿಸಿದವರು. ವಾದ್ಯಕ್ಕೆ ಜಾತಿಯಿಲ್ಲ. ಜಾತಿ ಇರುವುದು ನಮ್ಮ ಜಗಲಿಗೆ.

ಕಡೆಯದಾಗಿ ಒಂದು ವಿಷಯ. 2025ರಲ್ಲಿ ರಿಯಾನನ್ ಮತ್ತು ಜಸ್ಟಿನ್ ರಾಬಿನ್ಸನ್ ಇಬ್ಬರೇ ಸೇರಿ ಇನ್ನೊಂದು ಆಲ್ಬಂ ತಂದಿದ್ದಾರೆ. ದೊಡ್ಡ ಸ್ಟುಡಿಯೋ ಬೇಡ ಎಂದು ಬಯಲಿನಲ್ಲಿ ಕೂತು ನುಡಿಸಿದ್ದಾರೆ. ಅದರಲ್ಲಿ ಒಂದು ಜಾಗ ಜೋ ಥಾಂಪ್ಸನ್ ಅವರ ಮನೆ. ಹಕ್ಕಿಯ ಕೂಗು, ಜೀರುಂಡೆಯ ಸದ್ದು ಎಲ್ಲ ಅದರಲ್ಲಿ ಕೇಳುತ್ತದೆ. ಇಪ್ಪತ್ತು ವರ್ಷದ ಮೇಲೆ, ಎಲ್ಲ ಪ್ರಶಸ್ತಿ ಬಂದ ಮೇಲೆ, ಗುರುವಿನ ಮನೆಯಂಗಳಕ್ಕೇ ಹೋಗಿ ಕೂತರು.

ಅದನ್ನು ಕೇಳಿದ ಮೇಲೆ ನನಗೂ ತಡೆಯಲಾಗಲಿಲ್ಲ. ಹೋದ ತಿಂಗಳು ಮಹೋತ್ಸವದ ಪೂರ್ವಸಿದ್ಧತೆಯ ಸಭೆಗೆ ಬಂದಾಗ ತಂಬೂರಿ ತಾತನ ಮನೆಗೆ ಹೋದೆ. ಆ ಮಧ್ಯಾಹ್ನದ ನಂತರ ಅದೇ ಮೊದಲು. ಅವರ ಮೊಮ್ಮಗ ಗೂಡ್ಸ್ ಆಟೋ ಓಡಿಸುತ್ತಾರೆ. ಒಳಗೆ ಕರೆದು ಕೂರಿಸಿ ಟೀ ಕೊಟ್ಟರು. ನಮ್ಮ ಜಗಲಿಯ ನೆನಪಾಗಿ ಆ ಟೀ ನನಗೆ ಸುಲಭವಾಗಿ ಇಳಿಯಲಿಲ್ಲ. ಗೋಡೆಯ ಮೇಲೆ ತಂಬೂರಿ ಇತ್ತು. ಇಳಿಸಿ ಒರೆಸಿ ತೋರಿಸಿದರು. ಒಂದು ತಂತಿ ಇಲ್ಲ, ಉಳಿದವು ತುಕ್ಕು ಹಿಡಿದಿವೆ. ‘ನಿಮಗೆ ಬರುತ್ತಾ ಅಣ್ಣ?’ ಎಂದು ಕೇಳಿದೆ. ‘ಸಿದ್ದಪ್ಪಾಜಿ ಸಾಲಿಂದು ಸ್ವಲ್ಪ ಬತ್ತದೆ ಸರ್, ಪೂರ್ತಿ ಕಲೀನಿಲ್ಲ. ತಾತ ಕರೀತಿದ್ರು, ನಂಗೆ ಆಗ ಗಾಡಿ ಕಲಿಯೋ ಹುಚ್ಚು’ ಅಂದರು. ತಪ್ಪಿಸಿಕೊಂಡವನು ನಾನೊಬ್ಬನೇ ಅಲ್ಲ ಎಂದು ಗೊತ್ತಾಯಿತು. ನಾಚಿಕೊಳ್ಳುತ್ತಾ ಹಾಡಿದರು. ಅವರ ಮಗಳು ಒಳಗಿನಿಂದಲೇ ಸೊಲ್ಲು ಹಿಡಿದಳು. ಅವಳು ಇದೇ ಶಾಲೆಯಲ್ಲಿ ಓದುತ್ತಿದ್ದಾಳೆ. ಹೆಸರು ಹೇಳಿದರೆ ತಲೆ ತಗ್ಗಿಸುತ್ತಾಳೆ, ಹೇಳುವುದಿಲ್ಲ. ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಲವತ್ತು ನಿಮಿಷ. ನಡುವೆ ನಾಯಿ ಬೊಗಳಿದೆ, ಮೇಕೆ ಕೂಗಿದೆ. ಇರಲಿ.

ಈಗ ನನ್ನ ಕೋರಿಕೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹಣ ಕೂಡಿಸಿದ್ದೇವೆ. ಅದರಲ್ಲಿ ಕಮಾನು ಕಟ್ಟಿಸೋಣ, ಕುಡಿಯುವ ನೀರಿನ ಯಂತ್ರ ಹಾಕಿಸೋಣ, ಅವು ಬೇಕು. ಜೊತೆಗೆ ಒಂದು ಸಣ್ಣ ಪಾಲು ತೆಗೆದಿಟ್ಟು ಒಳ್ಳೆಯ ರೆಕಾರ್ಡರ್ ಒಂದು, ಗ್ರಂಥಾಲಯಕ್ಕೆ ಕಂಪ್ಯೂಟರ್ ಒಂದು ಕೊಳ್ಳೋಣ. ಕನ್ನಡ ಮೇಷ್ಟ್ರು ಅವತ್ತು ಕೊಟ್ಟ ಕೆಲಸವನ್ನು ಮತ್ತೆ ಶುರುಮಾಡೋಣ. ಒಂಬತ್ತನೇ ಕ್ಲಾಸಿನ ಪ್ರತಿ ಮಗುವೂ ವರ್ಷಕ್ಕೆ ಊರಿನ ಒಬ್ಬ ಹಿರಿಯರ ಹತ್ತಿರ ಹೋಗಲಿ. ಸೋಬಾನೆ ಹಾಡುವ ಅಜ್ಜಿಯಾಗಲಿ, ಕಂಸಾಳೆಯವರಾಗಲಿ, ತಮಟೆಯವರಾಗಲಿ. ಹಾಡಿದವರಿಗೆ ಸಂಭಾವನೆ ಕೊಡಬೇಕು. ಅವರು ಬೇಡವೆಂದ ಹಾಡನ್ನು ಹೊರಗೆ ಬಿಡಬಾರದು. ಹೆಸರು ಸರಿಯಾಗಿ ಬರೆಯಬೇಕು, ನನ್ನ ಹಾಗೆ ಅಂದಾಜಿನಲ್ಲಿ ಅಲ್ಲ. ಆ ಕಡತಗಳನ್ನು ಕೆಡದಂತೆ ಎರಡು ಮೂರು ಕಡೆ ಇಟ್ಟು ಕಾಯುವ ಕೆಲಸ ನನ್ನದು. ನಾನು ಓದಿದ ಓದು ಅಷ್ಟಕ್ಕಾದರೂ ಬರಲಿ.

ಆದರೆ ಮಕ್ಕಳೇ, ರೆಕಾರ್ಡ್ ಮಾಡಿಟ್ಟ ಮಾತ್ರಕ್ಕೆ ಹಾಡು ಉಳಿಯಿತು ಎಂದುಕೊಳ್ಳಬೇಡಿ. ಪೆಟ್ಟಿಗೆಯಲ್ಲಿಟ್ಟ ಬಿತ್ತನೆ ಕಾಳು ಅದು. ಬಿತ್ತಿದರೆ ಮಾತ್ರ ಬೆಳೆ. ಜೋ ಥಾಂಪ್ಸನ್ ಅವರ ನುಡಿಸಾಣಿಕೆ ಮೊದಲೇ ರೆಕಾರ್ಡ್ ಆಗಿತ್ತು. ಆದರೂ ಅದು ಮುಂದಕ್ಕೆ ಹೋದದ್ದು ಮೂವರು ಹೋಗಿ ಪಕ್ಕದಲ್ಲಿ ಕೂತಿದ್ದರಿಂದ. ನೀವು ಎಂಜಿನಿಯರ್ ಆಗಿ, ಡಾಕ್ಟರ್ ಆಗಿ, ರ‍್ಯಾಪರ್ ಬೇಕಾದರೂ ಆಗಿ. ವಾರಕ್ಕೊಂದು ಸಂಜೆ ಯಾರಾದರೊಬ್ಬ ಹಿರಿಯರ ಪಕ್ಕದಲ್ಲಿ ಹೋಗಿ ಕೂರಿ. ಅವರು ಬಾ ಎಂದು ಕರೆದಾಗ ಹೋಗಿ. ಆಮೇಲೆ ನಾವು ಹೋದಾಗ ಅವರು ಇರುವುದಿಲ್ಲ.

ಆ ತಂಬೂರಿಗೆ ಹೊಸ ತಂತಿ ಮೈಸೂರಿನಿಂದ ತಂದಿದ್ದೇನೆ. ನಾಳೆ ಸೋಮವಾರ. ಸಂಜೆ ದೀಪ ಹಚ್ಚಿದ ಮೇಲೆ ಬನ್ನಿ ಎಂದು ಮೊಮ್ಮಗ ಹೇಳಿದ್ದಾರೆ. ಬೆಂಗಳೂರಿಗೆ ಮಂಗಳವಾರ ಹೊರಡುತ್ತೇನೆ. ನನ್ನ ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಬರುವವರು ಬರಬಹುದು.